ಒಂದೇ ಸಲ ಕೊಳ್ಳುವವನ ಬೆಸುಗೆಯ ಕಡ್ಡಿ

ಕಾವ್ಯ, ಸಣ್ಣಕತೆ, ಪ್ರವಾಸಕಥನಗಳ ನಡುವೆ ಬೆಸುಗೆಯ ಕಡ್ಡಿಯ ವಿಚಾರವೊಂದು ಬಂದು ಕುಳಿತರೆ ವಾಚಕ ಮಹಾಶಯರು ಹುಬ್ಬೇರಿಸುವುದು ಸಹಜವೇ ಸರಿ. “ಇದು ಐ.ಟಿ.ಐ. ಹುಡುಗರ ಕೆಲಸ, ಇಲ್ಲವೆಂದರೆ ಇಂಜಿನಿಯರಿಂಗ್ ಕಾಲೇಜಿನವರದು. ಬಿ.ಎ. ತರಗತಿಯವನಿಗೆ ಇದರ ಗೊಡವೆ ಏತಕ್ಕೆ?” ಎಂದು ಕೇಳುವವರು ನಮ್ಮ ಕಾಲೇಜಿನಲ್ಲಿಯೂ ಉಂಟು, ನಮ್ಮ ಮನೆಯಲ್ಲಿಯೂ ಉಂಟು. ಮಳವಳ್ಳಿ ತಾಲ್ಲೂಕಿನಲ್ಲಿ ಸ್ವಲ್ಪ ಕಬ್ಬು, ಸ್ವಲ್ಪ ಭತ್ತ ಬೆಳೆದು ನಮ್ಮನ್ನು ಸಾಕಿದ ನನ್ನ ತಂದೆಯವರು, “ಕೈ ಕೆಸರಾಗದಿರಲಿ ಎಂದು ನಿನ್ನನ್ನು ಓದಿಸಿದರೆ ನೀನು ಕೈ ಸುಟ್ಟುಕೊಳ್ಳಲು ಹೊರಟೆಯಲ್ಲ!” ಎಂದರು. ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದವನ ಮೇಲೆ ಹಿರಿಯರು ಇಟ್ಟುಕೊಂಡಿರುವ ಆಸೆ ಅದು. ಅದನ್ನು ನಾನು ಹಗುರವಾಗಿ ಎಣಿಸಲಾರೆ. ಆದರೆ ಓದು ಬಂದ ಮನೆಯಿಂದ ಕೈಕೆಲಸ ಹೊರಟುಹೋಗಲೇಬೇಕೆಂಬ ನಿಯಮವನ್ನು ಯಾರು ಮಾಡಿದರೋ ನನಗೆ ಅರ್ಥವಾಗದು.

ನೆರೆಯ ಮೈಸೂರಿನ ಒಂದು ನಿದರ್ಶನವನ್ನು ಇಲ್ಲಿ ಹೇಳಬಹುದು. ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪ್ರಸಾರ ಯಂತ್ರವನ್ನಿಟ್ಟು ರೇಡಿಯೋ ಕೇಂದ್ರವನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಇಂಜಿನಿಯರರಲ್ಲ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆ ಯಂತ್ರದ ಶಕ್ತಿ ೩೦ ವಾಟ್, ಎಂದರೆ ನಾನು ಈಗ ಹೇಳಹೊರಟಿರುವ ಬೆಸುಗೆಯ ಕಡ್ಡಿಯ ಶಕ್ತಿಗಿಂತ ಹೆಚ್ಚೇನೂ ಅಲ್ಲ. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಹೊರಟು ಮುಂದೆ ದೇಶದ ಬಾನುಲಿಗೆಲ್ಲ ಅನ್ವಯವಾಯಿತು. ಮನಸ್ಸಿನ ಶಾಸ್ತ್ರ ಓದಿದವರು ತಂತಿ ಮುಟ್ಟಬಹುದಾದರೆ ಇತಿಹಾಸ, ಅರ್ಥಶಾಸ್ತ್ರ ಓದುವ ನಾವೂ ಮುಟ್ಟಬಹುದು. ಆದುದರಿಂದ ‘ಏಕೆ’ ಎಂಬ ಪ್ರಶ್ನೆಯನ್ನು ಇಲ್ಲಿಗೇ ಬಿಟ್ಟು, ನಮ್ಮಂಥವರಿಗೆ ಅದಕ್ಕಿಂತಲೂ ಕಷ್ಟದ್ದಾದ ‘ಯಾವುದರಿಂದ’ ಎಂಬ ಪ್ರಶ್ನೆಗೆ ಬರುತ್ತೇನೆ.

ಮದ್ದೂರಿನ ಕಡೆಯ ನನ್ನ ಸಹಪಾಠಿಯೊಬ್ಬನು ಕಳೆದ ವರ್ಷ ಫೋನಿನ ಮೂಲಕ ಒಂದು ಪೆಟ್ಟಿಗೆಯನ್ನು ತರಿಸಿದನು. ಕಡಿಮೆ ಬೆಲೆಗೆ ಮೂವತ್ತು ಬಗೆಯ ಸಾಮಾನುಗಳು! ಕಡ್ಡಿ, ಐದು ಮೊನೆಗಳು, ಚಿಮಟ, ತಂತಿ, ಪೇಸ್ಟು, ಇತ್ಯಾದಿ ಇತ್ಯಾದಿ. ಕಿವಿಗೆ ಹಾಕುವ ಹೆಡ್‌ಫೋನಿನ ತುಂಡಾದ ತಂತಿಯನ್ನು ಸೇರಿಸುವುದು ಅವನ ಉದ್ದೇಶ. ಕಡ್ಡಿಯ ಮೊನೆ ಹತ್ತು ನಿಮಿಷದಲ್ಲಿ ಇದ್ದಲಿನಂತೆ ಕಪ್ಪಾಯಿತು. ಬೆಸುಗೆಯ ತಂತಿ ಕರಗಿ ಮಣಿಯಾಗಿ ಉರುಳಿಹೋಯಿತೇ ಹೊರತು ತಾಮ್ರಕ್ಕೆ ಹತ್ತಲಿಲ್ಲ. ನಾಲ್ಕು ಸಂಜೆ ಹೀಗೆಯೇ ಒದ್ದಾಡಿ ಕೊನೆಗೆ ಅವನು ಹೇಳಿದ ಮಾತು: “ಈ ವಿದ್ಯೆ ನಮ್ಮಂಥವರ ಕೈಗೆ ಹತ್ತುವುದಲ್ಲ ಕಣೋ.” ನನಗೆ ಆ ಮಾತು ಬಹಳ ನೋವುಂಟುಮಾಡಿತು. ಅವನು ಪೆಟ್ಟಿಗೆ ಕೆಟ್ಟದ್ದೆನ್ನಲಿಲ್ಲ. ತನ್ನ ಕೈ ಕೆಟ್ಟದ್ದೆಂದನು. ಮರುವಾರ ಮಂಡ್ಯದಲ್ಲಿ ಮೊಬೈಲ್ ರಿಪೇರಿ ಮಾಡುವ ಪರಿಚಿತರೊಬ್ಬರ ಅಂಗಡಿಯಲ್ಲಿ, ಅವರ ಕಡ್ಡಿ ಅವರ ತಂತಿಯಿಂದ, ಅದೇ ಕೈಯಿಂದ ಅವನು ಅದೇ ಹೆಡ್‌ಫೋನನ್ನು ಎರಡನೆಯ ಯತ್ನದಲ್ಲಿಯೇ ಸರಿಮಾಡಿದನು.

“ಮೊದಲು ಅಗ್ಗದ್ದನ್ನು ಕೊಳ್ಳಿರಿ; ಕೈ ಕುದುರಿದ ಮೇಲೆ ಒಳ್ಳೆಯದನ್ನು ಕೊಂಡರಾಯಿತು” ಎಂಬುದು ಎಲ್ಲೆಲ್ಲಿಯೂ ಕೇಳಿಬರುವ ಉಪದೇಶ. ಕೇಳುವುದಕ್ಕೆ ಬಡವರ ಪರವಾದ ಮಾತಿನಂತಿದೆ. ಯೋಚಿಸಿ ನೋಡಿದರೆ ಅದು ಎರಡು ಸಲ ಕೊಳ್ಳಬಲ್ಲವನಿಗೆ ಹೇಳಿದ ಮಾತು. ನಮ್ಮ ಹಾಸ್ಟೆಲಿನ ಹುಡುಗನು ವಿದ್ಯಾರ್ಥಿವೇತನದಲ್ಲಿ ಉಳಿಸಿ ಒಂದು ಸಲ ಕೊಳ್ಳುತ್ತಾನೆ. ಅದು ಕೈಕೊಟ್ಟರೆ ಎರಡನೆಯದು ಬರುವುದಿಲ್ಲ, ವಿದ್ಯೆಯೂ ಬರುವುದಿಲ್ಲ. ಕೆಟ್ಟ ಸಲಕರಣೆಯು ಕೆಟ್ಟ ಮೇಷ್ಟರಿದ್ದಂತೆ: ಪಾಠ ತಿಳಿಯದಿದ್ದರೆ ದೋಷವೆಲ್ಲ ಹುಡುಗನದೇ ಎಂದು ಹುಡುಗನನ್ನೇ ನಂಬಿಸಿಬಿಡುತ್ತದೆ. ಅನುಭವಿಯಾದ ಮೆಕ್ಯಾನಿಕ್ಕು ಕೆಟ್ಟ ಕಡ್ಡಿಯಿಂದಲೂ ಕೆಲಸ ತೆಗೆಯುತ್ತಾನೆ, ಏಕೆಂದರೆ ದೋಷ ಎಲ್ಲಿದೆಯೆಂದು ಅವನು ಬಲ್ಲ. ಒಳ್ಳೆಯ ಸಲಕರಣೆ ಹೆಚ್ಚಾಗಿ ಬೇಕಾದುದು ಹೊಸಬನಿಗೇ. ಆದರೆ ಒಳ್ಳೆಯದೆಂದರೆ ಬೆಲೆಯುಳ್ಳದ್ದೆಂದಲ್ಲ. ಇರುವ ಅಲ್ಪ ಹಣವನ್ನು ಯಾವುದರ ಮೇಲೆ ಸುರಿಯಬೇಕು, ಯಾವುದನ್ನು ಮನೆಯಲ್ಲಿಯೇ ಹೊಂದಿಸಿಕೊಳ್ಳಬೇಕು ಎಂಬ ವಿವೇಚನೆಯೇ ಇಲ್ಲಿ ಮುಖ್ಯ.

ಮೊದಲ ಹಣ ಹೋಗತಕ್ಕದ್ದು ಕಡ್ಡಿಗಲ್ಲ, ಬೆಸುಗೆಯ ತಂತಿಗೆ. ಅಂಗಡಿಗಳಲ್ಲಿ ಇದನ್ನು ‘ಲೆಡ್ಡು’ ಎಂದೇ ಕೇಳುವ ರೂಢಿ. ಲೆಡ್ ಎಂದರೆ ಸೀಸ. ಆದರೆ ಒಳ್ಳೆಯ ತಂತಿಯಲ್ಲಿ ಹೆಚ್ಚಿನ ಪಾಲು ತವರ. ನೂರಕ್ಕೆ ೬೩ ಪಾಲು ತವರ, ೩೭ ಪಾಲು ಸೀಸ ಬೆರೆತರೆ ಆ ಮಿಶ್ರಲೋಹ ೧೮೩ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಮ್ಮೆಗೇ ಕರಗುತ್ತದೆ, ಒಮ್ಮೆಗೇ ಗಟ್ಟಿಯಾಗುತ್ತದೆ. ೬೦–೪೦ ಆದರೆ ಪೂರ್ತಿ ಕರಗಲು ೧೯೦ರ ಸಮೀಪದವರೆಗೆ ಹೋಗಬೇಕು, ಇದೂ ಒಳ್ಳೆಯದೇ. ತವರ ದುಬಾರಿ, ಸೀಸ ಅಗ್ಗ. ಆದುದರಿಂದ ಬೆಲೆ ಇಳಿಸಬೇಕೆನ್ನುವವನು ಮಾಡುವ ಮೊದಲ ಕೆಲಸ ತವರವನ್ನು ತಗ್ಗಿಸುವುದು. ತವರ ೩೦ ಪಾಲಿಗೆ ಇಳಿದರೆ ಕರಗಲು ೨೫೦ ಡಿಗ್ರಿಗೂ ಮೀರಿ ಕಾಯಿಸಬೇಕು. ಕರಗಿದ ಮೇಲೂ ಅದು ಬಹಳ ಹೊತ್ತು ಅಂಬಲಿಯಂತೆ, ಗಟ್ಟಿಯೂ ಅಲ್ಲದೆ ನೀರೂ ಅಲ್ಲದೆ ಇರುತ್ತದೆ. ಆ ಹೊತ್ತಿನಲ್ಲಿ ಹೊಸಬನ ಕೈ ಕೊಂಚ ನಡುಗಿದರೆ ಸಾಕು, ಒಳಗೆ ಬಿರುಕು ಬಿಟ್ಟು ಬೆಸುಗೆ ಮಂಕಾಗಿ, ಹರಳುಹರಳಾಗಿ ನಿಲ್ಲುತ್ತದೆ. ನೋಡುವುದಕ್ಕೆ ಕೂಡಿದಂತೆ ಕಂಡರೂ ವಿದ್ಯುತ್ತು ಹರಿಯುವುದಿಲ್ಲ. ಅಭ್ಯಾಸವಿಲ್ಲದ ಕೈ ನಡುಗಿಯೇ ನಡುಗುತ್ತದೆ. ಹಾಗಿರುವಾಗ ನಡುಗುವ ಕೈಗೆ ಬೇಗ ಗಟ್ಟಿಯಾಗುವ ತಂತಿಯನ್ನು ಕೊಡುವುದೇ ನ್ಯಾಯ.

ತಂತಿಯ ದಪ್ಪವನ್ನು ಇಲ್ಲಿ ಗೇಜಿನ ಲೆಕ್ಕದಲ್ಲಿ ಹೇಳುತ್ತಾರೆ. ಗೇಜು ಹೆಚ್ಚಿದಷ್ಟೂ ತಂತಿ ತೆಳುವು. ೧೮ ಗೇಜೆಂದರೆ ೧.೨ ಮಿಲಿಮೀಟರು, ದಪ್ಪ ತಂತಿಗಳಿಗೆ ಸರಿ; ೨೨ ಗೇಜೆಂದರೆ ೦.೭ ಮಿಲಿಮೀಟರು, ಸಣ್ಣ ಬಿಡಿಭಾಗಗಳಿಗೆ ಇದೇ ಉತ್ತಮ. ದೊಡ್ಡ ಸುರುಳಿಯನ್ನು ಕೊಳ್ಳಬೇಕಾದುದಿಲ್ಲ. ಐವತ್ತು ಗ್ರಾಂ ತಂತಿ ಕಲಿಯುವವನಿಗೆ ತಿಂಗಳುಗಟ್ಟಲೆ ಬರುತ್ತದೆ. ಸುರುಳಿಯ ಮೇಲೆ ೬೦–೪೦ ಅಥವಾ ೬೩–೩೭ ಎಂದು ಮುದ್ರಿಸಿಲ್ಲದಿದ್ದರೆ ಕೈಬಿಡಿರಿ. ಮುದ್ರಿಸಿದ್ದರೂ ನಂಬಿಕೆ ಸಾಲದಿದ್ದರೆ ಅಂಗಡಿಯವರ ಕಡ್ಡಿಗೇ ಒಂದು ಅಂಗುಲ ತಾಗಿಸಿ ನೋಡುವುದರಲ್ಲಿ ಸಂಕೋಚವೇನು? ಮಾವಿನಹಣ್ಣನ್ನು ಮೂಸಿ ನೋಡದೆ ನಾವು ಕೊಳ್ಳುವುದಿಲ್ಲವಷ್ಟೆ. ಒಳ್ಳೆಯದು ಥಟ್ಟನೆ ಕರಗಿ, ಕನ್ನಡಿಯಂತೆ ಹೊಳೆದು, ರಾಳದ ಪರಿಮಳದ ಹೊಗೆ ಬಿಡುತ್ತದೆ. ಹೊಗೆಯೇ ಇಲ್ಲದಿದ್ದರೆ ಒಳಗೆ ರಾಳವೇ ಇಲ್ಲ.

ಈ ರಾಳದ ವಿಚಾರದಲ್ಲಿ ಎರಡು ಮಾತು ಹೆಚ್ಚಾಗಿಯೇ ಹೇಳಬೇಕಾಗಿದೆ. ನಮ್ಮ ಹಳ್ಳಿಗಳಲ್ಲಿ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವರನ್ನು ಹಿರಿಯರೆಲ್ಲರೂ ಬಲ್ಲರು. ಪಾತ್ರೆಯನ್ನು ಬೆಂಕಿಯ ಮೇಲೆ ಕಾಯಿಸಿ, ನವಸಾಗರವನ್ನು ಉದುರಿಸಿ, ತವರವನ್ನು ತಾಗಿಸಿ ಹತ್ತಿಯಿಂದ ಒಂದು ಸುತ್ತು ಉಜ್ಜಿದರೆ ಕಪ್ಪು ಪಾತ್ರೆ ಬೆಳ್ಳಿಯಾಗುತ್ತಿತ್ತು. ಅಲ್ಲಿ ನವಸಾಗರ ಮಾಡುವ ಕೆಲಸವನ್ನೇ ಇಲ್ಲಿ ರಾಳ ಮಾಡುತ್ತದೆ: ಲೋಹದ ಮೇಲಿನ ಕಿಲುಬನ್ನು ಕಳೆದು, ಕರಗಿದ ತವರ ಹರಡುವುದಕ್ಕೆ ದಾರಿ ಬಿಡುತ್ತದೆ. ಕಿಲುಬಿದ್ದ ಕಡೆ ತವರ ಹತ್ತದು. ಅದು ಪಾತ್ರೆಯಾದರೂ ಅಷ್ಟೇ, ರೇಡಿಯೋ ಆದರೂ ಅಷ್ಟೇ. ಆದರೆ ಪಾತ್ರೆಗೆ ನಡೆಯುವ ನವಸಾಗರ, ತಗಡಿಗೆ ಹಾಕುವ ಆಮ್ಲದ ಪೇಸ್ಟು ಇವು ಎಲೆಕ್ಟ್ರಾನಿಕ್ ಕೆಲಸಕ್ಕೆ ಸಲ್ಲವು. ಪಾತ್ರೆಯನ್ನು ತೊಳೆಯಬಹುದು, ಸರ್ಕ್ಯೂಟ್ ಹಲಗೆಯ ಸಂದುಗಳಲ್ಲಿ ಉಳಿದ ಆಮ್ಲ ತೇವವನ್ನು ಹೀರಿ ಆರು ತಿಂಗಳಲ್ಲಿ ತಾಮ್ರದ ಗೆರೆಯನ್ನು ತಿಂದುಹಾಕಬಲ್ಲದು. ಕೊಳ್ಳುವಾಗ ಡಬ್ಬಿಯ ಮೇಲೆ ರಾಳ, ರೋಸಿನ್ ಎಂದಿದೆಯೇ ನೋಡಿರಿ; ಜಿಂಕ್ ಕ್ಲೋರೈಡ್ ಎಂದಿದ್ದರೆ ಅದನ್ನು ತಗಡಿನ ಕೆಲಸದವರಿಗೇ ಬಿಡಿರಿ. ಒಳಗೆ ರಾಳವಿರುವ ತಂತಿ ಸಿಕ್ಕಿದರೆ ಪ್ರತ್ಯೇಕ ಡಬ್ಬಿ ಆರಂಭದಲ್ಲಿ ಬೇಕಾಗಿಯೇ ಇಲ್ಲ.

ಇನ್ನು ಕಡ್ಡಿ. ಪಟ್ಟಣದವರು ಬರೆದ ಸಲಹೆಗಳೆಲ್ಲ ೨೫ ವಾಟಿನ ಕಡ್ಡಿ ಸಾಕೆನ್ನುತ್ತವೆ. ನಮ್ಮ ದೇಶದಲ್ಲಿಯೇ ತಯಾರಾಗುವ ಸೋಲ್ಡ್ರಾನ್ ಮೊದಲಾದ ೨೫ ವಾಟಿನ ಕಡ್ಡಿಗಳು ದಶಕಗಳಿಂದ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ದುಡಿಯುತ್ತಿವೆ. ಅವುಗಳ ಮೇಲೆ ನನಗೆ ದೂರೇನೂ ಇಲ್ಲ. ದೂರಿರುವುದು ಗೋಡೆಯ ರಂಧ್ರದಿಂದ ಬರುವ ವಿದ್ಯುತ್ತಿನ ಮೇಲೆ. ವಾಟ್ ಎಂಬ ಸಂಖ್ಯೆಯು ೨೩೦ ವೋಲ್ಟು ಬಂದಾಗ ಮಾತ್ರ ನಿಜ. ಕಾಯುವ ತಂತಿಯ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಸಾರವಾಗಿ ಇಳಿಯುತ್ತದೆ. ನಮ್ಮೂರಿನಲ್ಲಿ ಪಂಪುಸೆಟ್ಟುಗಳೆಲ್ಲ ಓಡುವ ಹೊತ್ತಿನಲ್ಲಿ ಮೀಟರಿಟ್ಟು ನೋಡಿದಾಗ ೧೮೦ ತೋರಿಸಿದ್ದುಂಟು. ಲೆಕ್ಕ ಹಾಕಿದರೆ ಆಗ ೨೫ ವಾಟಿನ ಕಡ್ಡಿ ೧೫ ವಾಟಿನದಾಗಿರುತ್ತದೆ! ೨೩೦ರಲ್ಲಿ ೧೮೦ ಎಂದರೆ ಕಾಲು ಭಾಗಕ್ಕಿಂತಲೂ ಕಡಿಮೆ ಇಳಿಕೆ. ಶಾಖದಲ್ಲಿ ಮಾತ್ರ ಐದರಲ್ಲಿ ಎರಡು ಪಾಲು ಮಾಯ. ಹುಡುಗ ಕಡ್ಡಿಯನ್ನು ಒತ್ತಿ ಒತ್ತಿ ಹಿಡಿಯುತ್ತಾನೆ, ತಂತಿ ಕರಗದು. ಕೊನೆಗೆ ಹಲಗೆಯ ತಾಮ್ರವೇ ಎದ್ದುಬರುತ್ತದೆ.

ಇಲ್ಲಿ ಒಂದು ಮಾತು ಹೇಳದೆ ಮುಂದುವರಿಯಲಾರೆ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ೧೯೦೨ರಲ್ಲಿಯೇ ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೊಂದು. ೧೯೦೫ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳು ಬೆಳಗಿದವು. ದೀವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯನ್ನು ಇತಿಹಾಸದ ವಿದ್ಯಾರ್ಥಿಯಾಗಿ ನಾನು ಮನಸಾರೆ ಗೌರವಿಸುತ್ತೇನೆ. ಆದರೂ ದೀಪ ಹೊರಟ ತಾಲ್ಲೂಕಿನಲ್ಲಿ ನೂರಿಪ್ಪತ್ತು ವರ್ಷಗಳು ಕಳೆದ ಮೇಲೂ ಒಂದು ಬೆಸುಗೆಯ ಕಡ್ಡಿ ಕಾಯಲು ತಿಣುಕಾಡುವುದನ್ನು ಕಂಡಾಗ ದೀಪದ ಬುಡದ ಕತ್ತಲೆ ನೆನಪಾಗದಿರದು.

ಆದುದರಿಂದ ನನ್ನ ಅಭಿಪ್ರಾಯದಲ್ಲಿ, ಮಂಡ್ಯದ ಹಾಸ್ಟೆಲಿನಲ್ಲಿ ಕುಳಿತು ಕಲಿಯುವವನಿಗೆ ೨೫ ವಾಟಿನ ಒಳ್ಳೆಯ ಕಡ್ಡಿ ಸಾಕು. ಹಳ್ಳಿಯ ಮನೆಯಲ್ಲಿ ಕಲಿಯುವವನು ಶಾಖವನ್ನು ಹೊಂದಿಸುವ ತಿರುಗಣೆಯುಳ್ಳ ೬೦ ವಾಟಿನದನ್ನು ಕೊಳ್ಳುವುದು ಲೇಸು. ವೋಲ್ಟೇಜು ೧೮೦ಕ್ಕೆ ಇಳಿದರೂ ಅದರಲ್ಲಿ ೩೬ ವಾಟು ಉಳಿದಿರುತ್ತದೆ. ಪೂರ್ತಿ ವೋಲ್ಟೇಜು ಬಂದಾಗ ಅತಿಯಾಗಿ ಕಾಯದಂತೆ ಅದು ತನ್ನನ್ನು ತಾನೇ ತಡೆಯುತ್ತದೆ. ಆದರೆ ತಿರುಗಣೆಯಿದ್ದ ಮಾತ್ರಕ್ಕೆ ಶಾಖ ಹತೋಟಿಗೆ ಬಂದಿತೆನ್ನಲಾಗದು. ಕೆಲವು ಅಗ್ಗದ ಕಡ್ಡಿಗಳಲ್ಲಿ ಅದು ಫ್ಯಾನಿನ ರೆಗ್ಯುಲೇಟರಿನಂತೆ ವಿದ್ಯುತ್ತನ್ನು ತಗ್ಗಿಸುತ್ತದೆಯೇ ವಿನಾ ಮೊನೆ ಎಷ್ಟು ಕಾದಿದೆಯೆಂದು ಅದಕ್ಕೆ ತಿಳಿಯದು. ಒಳಗೆ ಶಾಖವನ್ನು ಅಳೆಯುವ ಸಂವೇದಕವಿದೆಯೇ ಎಂದು ಕೇಳಿಯೇ ಕೊಳ್ಳಬೇಕು. ತವರ–ಸೀಸದ ತಂತಿಗೆ ಮೊನೆಯ ಶಾಖ ೩೩೦ರಿಂದ ೩೫೦ ಡಿಗ್ರಿ ಇದ್ದರೆ ಸಾಕಾದೀತು. ಜಪಾನಿನ ಹಕ್ಕೋ ಕಂಪನಿಯ ಹಳೆಯ ೯೩೬ ಮಾದರಿಯನ್ನು ಅನುಕರಿಸಿದ, ಮೇಜಿನ ಮೇಲಿಡುವ ‘ಸ್ಟೇಷನ್ನು’ಗಳೂ ಪೇಟೆಯಲ್ಲಿವೆ. ಅವಕ್ಕೆ ಹೊಂದುವ ಬಿಡಿ ಮೊನೆಗಳು ಸುಲಭವಾಗಿ ಸಿಕ್ಕುವುದೇ ಅವುಗಳ ಗುಣ. ನಾಲ್ಕು ಜನ ಕೂಡಿ ಕೊಳ್ಳುವುದಾದರೆ ಒಳ್ಳೆಯದು; ಒಬ್ಬನೇ ಸಾಲ ಮಾಡಿ ಕೊಳ್ಳಬೇಕಾದುದಿಲ್ಲ. ಯಾವುದೇ ಆಗಲಿ, ಮೂರು ಕಡ್ಡಿಯ ಪ್ಲಗ್ಗು ಇರಬೇಕು, ಮನೆಯ ಅರ್ತಿಂಗು ಹೆಸರಿಗೆ ಮಾತ್ರವಲ್ಲದೆ ನಿಜವಾಗಿಯೂ ಇರಬೇಕು.

ಮೊನೆಯ ವಿಚಾರದಲ್ಲಿ ಹಳಬರೂ ಹೊಸಬರೂ ಪರಸ್ಪರ ವಿರುದ್ಧವಾಗಿ ಮಾತನಾಡುತ್ತಾರೆ, ಇಬ್ಬರೂ ಸರಿಯೇ! ಹಳೆಯ ಕಡ್ಡಿಗಳ ಮೊನೆ ಬರಿಯ ತಾಮ್ರ. ಕರಗಿದ ತವರದಲ್ಲಿ ತಾಮ್ರ ಸ್ವಲ್ಪಸ್ವಲ್ಪವಾಗಿ ಕರಗಿ ಗುಳಿಬೀಳುವುದರಿಂದ ಅದನ್ನು ಆಗಾಗ ಅರದಿಂದ ಉಜ್ಜಿ ಸಮಮಾಡಲೇಬೇಕು. ಈಗಿನ ಮೊನೆಗಳಿಗೆ ತಾಮ್ರದ ಮೇಲೆ ಕಬ್ಬಿಣದ ತೆಳು ಲೇಪವಿರುತ್ತದೆ. ಅದಕ್ಕೆ ಅರ ಹಾಕಿದರೆ ಲೇಪ ಹೋಗಿ ಮೊನೆಯೇ ನಾಶ. ಕೊಳ್ಳುವಾಗಲೇ ಯಾವ ಜಾತಿಯದೆಂದು ಕೇಳಿಟ್ಟುಕೊಳ್ಳಿರಿ. ಆಕಾರದ ವಿಷಯದಲ್ಲಿ ಹೊಸಬರಿಗೆಲ್ಲ ಸೂಜಿಮೊನೆಯ ಮೇಲೆ ಮೋಹ. ಸಣ್ಣ ಕೆಲಸಕ್ಕೆ ಸಣ್ಣ ಮೊನೆ ಎಂಬ ತರ್ಕ. ಆದರೆ ಶಾಖ ದಾಟುವುದಕ್ಕೆ ತಾಗುವ ಜಾಗ ಬೇಕು. ಸೂಜಿಯ ತುದಿಯಲ್ಲಿ ಎಷ್ಟು ಜಾಗವಿದ್ದೀತು? ಎರಡು ಮಿಲಿಮೀಟರು ಅಗಲದ ಉಳಿಯಾಕಾರದ ಮೊನೆಯೊಂದಿದ್ದರೆ ಆರಂಭದ ಕೆಲಸಗಳೆಲ್ಲ ಸಾಗುತ್ತವೆ. ಮೊದಲ ಸಲ ಕಾಯಿಸಿದೊಡನೆ ಅದಕ್ಕೆ ತವರದ ಕಲಾಯಿ ಹಾಕಬೇಕು. ಕೆಲಸ ಮುಗಿಸಿ ಆರಿಸುವ ಮುನ್ನ ಒಂದಿಷ್ಟು ತಂತಿಯನ್ನು ಕರಗಿಸಿ ಮೊನೆಯ ಮೇಲೆ ಹಾಗೆಯೇ ಬಿಡಬೇಕು. ನಮ್ಮ ಮದ್ದೂರಿನ ಗೆಳೆಯನ ಪೆಟ್ಟಿಗೆಯ ಐದು ಮೊನೆಗಳಲ್ಲಿ ಯಾವುದಕ್ಕೂ ನಿಲ್ಲುವಂಥ ಲೇಪವಿರಲಿಲ್ಲ; ಐದಿದ್ದು ಏನು ಫಲ?

ಉಳಿದ ಸಾಮಾನುಗಳಿಗೆ ಹೆಚ್ಚು ಹೊತ್ತು ವ್ಯಯಿಸಬೇಕಾದುದಿಲ್ಲ. ಕಡ್ಡಿಯನ್ನಿಡುವ ಸುರುಳಿ ಸ್ಟ್ಯಾಂಡು ಕೊಳ್ಳಿರಿ, ಅದು ಅಗ್ಗ. ಚಾಪೆಯ ಮೇಲೆ ಕಡ್ಡಿ ಉರುಳಿದರೆ ನಷ್ಟ ದೊಡ್ಡದು. ಮೊನೆ ಒರೆಸಲು ನಾಲ್ಕು ಮಡಿಕೆಯ ಒದ್ದೆ ಹತ್ತಿಬಟ್ಟೆ ಸಾಕು; ಹಾಸಿಗೆಯ ಪ್ಲಾಸ್ಟಿಕ್ ಸ್ಪಂಜು ಕರಗಿ ಅಂಟುತ್ತದೆ, ಪಾತ್ರೆ ತಿಕ್ಕುವ ಉಕ್ಕಿನ ನಾರು ಲೇಪವನ್ನು ಕೆರೆಯುತ್ತದೆ. ಹಲಗೆಯನ್ನು ಹಿಡಿಯಲು ಮರದ ತುಂಡಿಗೆ ಮೊಳೆ ಹೊಡೆದು ಎರಡು ಬಟ್ಟೆಯ ಕ್ಲಿಪ್ಪು ಸಿಕ್ಕಿಸಿದರೆ ‘ಮೂರನೆಯ ಕೈ’ ಸಿದ್ಧ. ತಂತಿ ಕತ್ತರಿಸುವ ಕಟ್ಟರನ್ನು ಮಾತ್ರ ಒಳ್ಳೆಯ ಕಂಪನಿಯದನ್ನೇ ಕೊಳ್ಳಬೇಕು. ತಾಪರಿಯಾದಂಥದು ಒಂದಿದ್ದರೆ ತಮ್ಮನ ಕಾಲಕ್ಕೂ ಬರುತ್ತದೆ. ತಪ್ಪಾಗಿ ಬಿದ್ದ ಬೆಸುಗೆಯನ್ನು ಎಳೆಯುವ ಸ್ಪ್ರಿಂಗಿನ ಪಂಪು ಅವಶ್ಯಕ. ತೆಗೆಯಲು ಬಾರದವನು ಹಾಕಲು ಹೆದರುತ್ತಾನೆ. ಹಳದಿ ಬಣ್ಣದ ಡಿ.ಟಿ. ೮೩೦ ಮಾದರಿಯ ಮೀಟರು ಬ್ಯಾಟರಿಯ ಕೆಲಸಕ್ಕೆ ಆದೀತು. ಅದರ ೧೦ ಆಂಪಿಯರಿನ ರಂಧ್ರಕ್ಕೆ ಫ್ಯೂಸು ಇರುವುದಿಲ್ಲವೆಂದು ಸಾಮಾನ್ಯವಾಗಿ ಅದರ ಮೇಲೆಯೇ ಮುದ್ರಿಸಿರುತ್ತಾರೆ. ಅಂಥದನ್ನು ಪಂಪುಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯೊಳಗೆ ತೂರಿಸುವ ಸಾಹಸ ಬೇಡ. ಮೂರು ಫೇಸಿನ ನಡುವೆ ೪೧೫ ವೋಲ್ಟು ಇರುತ್ತದೆ. ಅದು ಕಲಿಯುವವನ ಆಟದ ಮೈದಾನವಲ್ಲ.

ಸೀಸದ ಅಪಾಯವನ್ನು ಕೆಲವರು ಉತ್ಪ್ರೇಕ್ಷಿಸುತ್ತಾರೆ, ಕೆಲವರು ನಕ್ಕುಬಿಡುತ್ತಾರೆ. ಯುರೋಪಿನಲ್ಲಿ ೨೦೦೬ರಿಂದ ಮಾರಾಟಕ್ಕೆ ತಯಾರಿಸುವ ಬಹುಪಾಲು ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸವನ್ನು ನಿರ್ಬಂಧಿಸಿದ್ದಾರೆ. ಸೀಸವಿಲ್ಲದ ತಂತಿ ಕರಗಲು ೨೧೭ರಿಂದ ೨೨೭ ಡಿಗ್ರಿಯಷ್ಟು ಬೇಕು. ಹೊಸಬನಿಗೆ ಅದು ತುಸು ಕಠಿಣ, ಬೆಲೆಯೂ ಹೆಚ್ಚು. ಕಲಿಯುವಾಗ ಸೀಸದ ತಂತಿಯನ್ನು ಬಳಸಬಹುದೆಂದೇ ನಾನು ಹೇಳುವೆನು, ಆದರೆ ಒಂದು ಕಟ್ಟುನಿಟ್ಟಿನೊಡನೆ. ಕಡ್ಡಿಯ ಶಾಖಕ್ಕೆ ಸೀಸ ಆವಿಯಾಗಿ ಮೇಲೇಳುವುದಿಲ್ಲ. ಅದು ದೇಹಕ್ಕೆ ಹೋಗುವುದು ಬೆರಳಿನಿಂದ ಬಾಯಿಗೆ. ಚಮಚದಲ್ಲಿ ತಿನ್ನುವವರಿಗಿಂತ ಕೈಯಿಂದ ಮುದ್ದೆ ಮುರಿದು ನುಂಗುವ ನಮಗೆ ಈ ಎಚ್ಚರಿಕೆ ಹೆಚ್ಚು ಬೇಕು. ಕೆಲಸದ ನಡುವೆ ಕಡಲೆಕಾಯಿ ತಿನ್ನಬಾರದು, ತಂತಿಯನ್ನು ಹಲ್ಲಿನಲ್ಲಿ ಕಚ್ಚಬಾರದು, ಎದ್ದೊಡನೆ ಸೋಪಿನಿಂದ ಕೈ ತೊಳೆಯಬೇಕು. ಉದುರಿದ ಚೂರುಗಳು ಅಂಬೆಗಾಲಿಡುವ ಕೂಸಿಗೆ ಸಿಗಬಾರದು. ಕಣ್ಣಿಗೆ ಕಾಣುವ ಹೊಗೆ ರಾಳದ್ದು. ಅದೂ ಸಾಧುವಲ್ಲ, ದಿನವೂ ಸೇದಿದರೆ ಉಬ್ಬಸ ತರಬಲ್ಲದು. ಕಿಟಕಿ ತೆರೆದು, ಹೊಗೆ ಮುಖದಿಂದ ಆಚೆಗೆ ಹೋಗುವಂತೆ ಫ್ಯಾನು ಇಟ್ಟುಕೊಳ್ಳಬೇಕು.

ಕೊಳ್ಳುವುದೆಲ್ಲಿ? ಮಂಡ್ಯದಲ್ಲಿಯೂ ಮಳವಳ್ಳಿಯಲ್ಲಿಯೂ ಮೊಬೈಲ್ ರಿಪೇರಿಯವರನ್ನು ವಿನಯದಿಂದ ಕೇಳಿದರೆ ತಾವು ಬಳಸುವ ತಂತಿಯ ಹೆಸರನ್ನು ಹೇಳುತ್ತಾರೆ. ಕೆಲವರು ತಮ್ಮಲ್ಲಿರುವುದನ್ನೇ ಒಂದಷ್ಟು ಮಾರುವುದೂ ಉಂಟು. ದಿನಕ್ಕೆ ಹತ್ತು ಗಂಟೆ ಅದರಿಂದಲೇ ಅನ್ನ ತಿನ್ನುವವರ ಮಾತು ಯಾವ ಜಾಹೀರಾತಿಗಿಂತಲೂ ಮೇಲು. ಎಲ್ಲವನ್ನೂ ಒಮ್ಮೆಗೇ ಕೊಳ್ಳಬೇಕಾದರೆ ಬೆಂಗಳೂರಿನ ಎಸ್.ಪಿ. ರಸ್ತೆ. ಇಬ್ಬರು ಮೂವರು ಪಟ್ಟಿ ಬರೆದು ಒಬ್ಬನನ್ನು ಕಳುಹಿಸುವುದು ಜಾಣತನ. ಮದ್ದೂರಿನಲ್ಲಿ ಬೆಳಗಿನ ರೈಲು ಹತ್ತಿದರೆ ಸಂಜೆಯೊಳಗೆ ಹಿಂದಿರುಗಬಹುದು. (ನಿಲ್ದಾಣದಲ್ಲಿ ವಡೆಯ ಖರ್ಚು ಹೋದವನದೇ ಎಂದು ಮೊದಲೇ ಒಪ್ಪಂದವಾಗಿರಲಿ.) ನಾನು ಹೇಳಿದಷ್ಟನ್ನು ೨೫ ವಾಟಿನ ಕಡ್ಡಿಯೊಡನೆ, ಮೀಟರನ್ನು ಬಿಟ್ಟು ಕೊಂಡರೆ ಸಾವಿರ ರೂಪಾಯಿಯೊಳಗೆ ಮುಗಿಸಲು ಸಾಧ್ಯ. ಮೂವತ್ತು ಸಾಮಾನಿನ ಪೆಟ್ಟಿಗೆಗಿಂತ ಇದು ಹೆಚ್ಚೇ ಆಯಿತು, ನಿಜ. ಅದರಲ್ಲಿ ಕಡ್ಡಿಗೆ ಸರಿಸಮನಾಗಿ ತಂತಿಗೂ ಕಟ್ಟರಿಗೂ ಹೋದರೆ ಆಶ್ಚರ್ಯಪಡಬೇಡಿರಿ.

ಕಲಿಯಲು ಮೊದಲು ಕೈಗೆತ್ತಿಕೊಳ್ಳುವ ವಸ್ತುವೂ ಸಲಕರಣೆಯಷ್ಟೇ ಮುಖ್ಯ. ೨೦೧೫ರಲ್ಲಿ ಉಜಾಲಾ ಯೋಜನೆ ಆರಂಭವಾದಂದಿನಿಂದ ಎಲ್.ಇ.ಡಿ. ಬಲ್ಬು ಇಲ್ಲದ ಮನೆಯಿಲ್ಲ, ಕೆಟ್ಟ ಬಲ್ಬು ಇಲ್ಲದ ಅಟ್ಟವೂ ಇಲ್ಲ. ಹುಡುಗರೆಲ್ಲ ಅದರಿಂದಲೇ ಶುರುಮಾಡುತ್ತಾರೆ. ಇದು ಸಲ್ಲದು. ಆ ಬಲ್ಬಿನೊಳಗಿನ ಹಲಗೆಯ ಬೆನ್ನಿಗೆ ಅಲ್ಯೂಮಿನಿಯಂ ತಗಡು ಇರುತ್ತದೆ. ದೀಪದ ಬಿಸಿಯನ್ನು ಹೀರಲೆಂದೇ ಅದನ್ನು ಇಟ್ಟಿರುವುದರಿಂದ ನಿಮ್ಮ ಕಡ್ಡಿಯ ಬಿಸಿಯನ್ನೂ ಹೀರಿಬಿಡುತ್ತದೆ. ಗುಜರಿಯಲ್ಲಿ ತೂಕಕ್ಕೆ ಸಿಗುವ ಹಳೆಯ ರೇಡಿಯೋ, ಟೇಪ್ ರೆಕಾರ್ಡರುಗಳ ಕಂದು ಹಲಗೆಗಳು ಉತ್ತಮ. ಒಂದೊಂದೇ ಭಾಗವನ್ನು ಬಿಚ್ಚಿ ಮತ್ತೆ ಅಲ್ಲಿಯೇ ಕೂರಿಸಿರಿ. ಮೊದಲು ತಾಮ್ರವನ್ನೂ ಕಾಲನ್ನೂ ಒಟ್ಟಿಗೆ ಎರಡು ಸೆಕೆಂಡು ಕಾಯಿಸಿ, ಅನಂತರ ತಂತಿಯನ್ನು ಆ ಕಾದ ಜಾಗಕ್ಕೆ ತಾಗಿಸಬೇಕು, ಮೊನೆಗಲ್ಲ. ಐವತ್ತು ಬೆಸುಗೆಗಳಾದ ಮೇಲೆ ನಿಮ್ಮ ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ಹಳೆಯ ಸಿ.ಎಫ್.ಎಲ್. ದೀಪಗಳನ್ನು ಮಾತ್ರ ಒಡೆಯಬೇಡಿರಿ. ಗಾಜಿನೊಳಗೆ ಪಾದರಸವಿದೆ, ಬುಡದ ಕೆಪ್ಯಾಸಿಟರಿನಲ್ಲಿ ಪ್ಲಗ್ಗು ತೆಗೆದ ಮೇಲೂ ವಿದ್ಯುತ್ತು ಉಳಿದಿರಬಲ್ಲದು.

೨೦೨೨ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ‘ರಿಪೇರಿಯ ಹಕ್ಕು’ ಎಂಬ ವಿಚಾರವನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿತು. ಮೊಬೈಲು, ಕೃಷಿ ಯಂತ್ರಗಳು ಆ ಪಟ್ಟಿಯಲ್ಲಿದ್ದುವು. ಹಕ್ಕು ಬರಲಿ, ಸಂತೋಷ. ಆದರೆ ಹಕ್ಕಿರುವವನ ಕೈಯಲ್ಲಿ ಕಡ್ಡಿಯೂ ಇರಬೇಕಷ್ಟೆ. ಮಂಡ್ಯದಲ್ಲಿ ೧೯೬೨ರಿಂದಲೂ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗೆ ಪ್ರಯೋಗಶಾಲೆಯ ಬಾಗಿಲು ತೆರೆದಿದೆ. ಕಲಾ ವಿಭಾಗದ ನಮಗೆ ತೆರೆದಿರುವ ಬಾಗಿಲು ಒಂದೇ, ಗ್ರಂಥಾಲಯದ್ದು. ಹಾಗಾದರೆ ಗ್ರಂಥಾಲಯವೇ ಪುಸ್ತಕದಂತೆ ಸಲಕರಣೆಯನ್ನೂ ಎರವಲು ಕೊಡಲಾಗದೇ? ಐದು ಡಬ್ಬಿಗಳು, ಒಂದೊಂದರಲ್ಲಿ ಒಂದು ಕಡ್ಡಿ, ಸ್ಟ್ಯಾಂಡು, ಕಟ್ಟರು, ಪಂಪು. ಹದಿನೈದು ದಿನಕ್ಕೆ ಒಬ್ಬರಿಗೆ, ಮೊನೆಯನ್ನು ಹಾಳುಮಾಡಿದವರು ಹೊಸ ಮೊನೆ ತಂದುಕೊಡತಕ್ಕದ್ದು, ಬೆಸುಗೆಯ ತಂತಿ ಅವರವರದೇ. ಐದು ಡಬ್ಬಿಗಳಿಗೆ ತಗಲುವ ವೆಚ್ಚ ನಮ್ಮ ಒಂದು ಸಮಾರಂಭದ ಫ್ಲೆಕ್ಸು, ಹಾರ, ಶಾಲುಗಳ ವೆಚ್ಚಕ್ಕಿಂತ ಬಹಳ ಹೆಚ್ಚಾಗದೆಂದು ವಿದ್ಯಾರ್ಥಿ ಸಂಘದ ಮಿತ್ರರು ನನ್ನೊಡನೆ ಒಪ್ಪುವರೆಂದು ನಂಬಿದ್ದೇನೆ.

ಈ ಆಶಯದ ಅರ್ಜಿಯೊಂದನ್ನು ಪ್ರಾಂಶುಪಾಲರಿಗೆ ಬರೆದು ಹದಿನೇಳು ಮಂದಿ ಸಹಿ ಮಾಡಿದ್ದೇವೆ. ಅವರಲ್ಲಿ ಆರು ಮಂದಿ ವಿದ್ಯಾರ್ಥಿನಿಯರು. ಮೊದಲನೆಯ ಸಹಿ ಮದ್ದೂರಿನ ಆ ಗೆಳೆಯನದು. ಅರ್ಜಿಯ ಹಾಳೆ ಈ ತಿಂಗಳ ಕೊನೆಯವರೆಗೆ ವಾಚನಾಲಯದ ಮೇಜಿನ ಮೇಲೆ, ಪತ್ರಿಕೆಗಳ ಪಕ್ಕದಲ್ಲಿರುತ್ತದೆ. ಕೆಳಗೆ ಇನ್ನೂ ಜಾಗವಿದೆ.